ಹಳೇ ಫೋಟೋದ ಗಾಜು ಎಸೆಯಬೇಡಿ

ಶ್ವಾಸಕೋಶದ ಕ್ಯಾನ್ಸರ್ ಆದವರ ಮನೆಯವರು ನನ್ನನ್ನು ಕೇಳುತ್ತಾರೆ: "ಸರ್, ನಮ್ಮ ಅಪ್ಪಾರು ಬೀಡಿ ಮುಟ್ಟಿದವರಲ್ಲ. ನಮ್ಮ ಇಳಕಲ್ ಕಡೆ ನೆಲದಾಗೆಲ್ಲ ಗ್ರಾನೈಟ್. ರೇಡಾನ್‌ನಿಂದ ಬಂತೇನ್ರಿ?" ಇದಕ್ಕೆ ಇವತ್ತಿನ ಗಾಳಿ ಅಳೆದರೆ ಸಾಲದು. ಅವರು 20-30 ವರ್ಷ ಉಸಿರಾಡಿದ ಗಾಳಿಯ ಲೆಕ್ಕ ಬೇಕು.

ಕಲ್ಲು, ಮಣ್ಣಿನಲ್ಲಿರುವ ಯುರೇನಿಯಂನಿಂದ ರೇಡಿಯಂ, ಅದರಿಂದ ರೇಡಾನ್ ಎಂಬ ವಿಕಿರಣ ಸೂಸುವ ಅನಿಲ ಹುಟ್ಟುತ್ತದೆ. ನೆಲದ ಬಿರುಕಿನಿಂದ ಒಳಗೆ ಬರುತ್ತದೆ. 3.8 ದಿನಕ್ಕೆ ಅರ್ಧ ಕರಗುತ್ತದೆ. ಸಾಮಾನ್ಯವಾಗಿ ಗ್ರಾನೈಟ್‌ನಲ್ಲಿ ಯುರೇನಿಯಂ ಜಾಸ್ತಿ, ವಿಜಯಪುರದ ಕರಿಕಲ್ಲಿನಲ್ಲಿ ಕಡಿಮೆ. ಆದರೆ ಊರು ನೋಡಿ ಲೆಕ್ಕ ಹೇಳಬಾರದು. ಅಕ್ಕಪಕ್ಕದ ಎರಡು ಮನೆಗಳಲ್ಲೇ ಅಳತೆ ಬೇರೆ ಬೇರೆ ಬರುತ್ತದೆ.

ಅದಕ್ಕೇ ನಾನು ಮೊದಲು ಕೇಳುವುದು ಮನೆಯ ಕಥೆ. ಮಣ್ಣಿನ ಮಾಳಿಗೆ ಕೆಡವಿ ಆರ್‌ಸಿಸಿ ಹಾಕಿದ್ದು ಯಾವಾಗ? ಬೆಳಕಿಂಡಿ ಮುಚ್ಚಿದಿರಾ? ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುತ್ತಿದ್ದರಾ? ಹೊಲಕ್ಕೆ ಹೋಗುವ ಗಂಡಸಿಗೂ ದಿನವಿಡೀ ಒಳಗಿರುವ ಹೆಂಗಸಿಗೂ ಒಂದೇ ಲೆಕ್ಕ ಹಾಕುವುದು ತಪ್ಪು, ಅಲ್ವಾ?

ಹಳೇ ಮನೆಯೇ ಇಲ್ಲದಿದ್ದರೆ? ಗೋಡೆಯ ಫೋಟೋ ಹುಡುಕಿ. ರೇಡಾನ್ ಒಡೆದಾಗ ಹುಟ್ಟುವ ಕಣಗಳು ಗಾಜಿನ ಮೇಲೆ ಕೂರುತ್ತವೆ. ಅವೂ ಒಡೆದಾಗ, ಆ ಒದೆತಕ್ಕೆ ಕೆಲವು ಪರಮಾಣುಗಳು ಗಾಜಿನೊಳಗೇ ನಾಟಿಕೊಳ್ಳುತ್ತವೆ. ಬಟ್ಟೆಯಿಂದ ಎಷ್ಟು ಒರೆಸಿದರೂ ಹೋಗುವುದಿಲ್ಲ. ಅಲ್ಲಿ ಉಳಿಯುವ ಸೀಸ-210 ಅರ್ಧ ಕರಗಲು ಸುಮಾರು 22 ವರ್ಷ ಬೇಕು. ಅದರಿಂದ ಬರುವ ಪೊಲೋನಿಯಂ-210 ಅನ್ನು ನಾವು ಎಣಿಸುತ್ತೇವೆ. ಗಾಜಿನಲ್ಲೇ ಮೊದಲಿನಿಂದ ಇರುವ ಯುರೇನಿಯಂ ಇದರಲ್ಲಿ ಬೆರೆಯಬಾರದು. ಅದಕ್ಕಾಗಿ ಸಿಆರ್-39, ಎಲ್‌ಆರ್-115 ಎಂಬ ಎರಡು ಬಗೆಯ ಪ್ಲಾಸ್ಟಿಕ್ ಹಾಳೆಗಳನ್ನು ತಿಂಗಳುಗಟ್ಟಲೆ ಅಂಟಿಸಿಟ್ಟು, ವ್ಯತ್ಯಾಸ ತೆಗೆಯುತ್ತೇವೆ.

ಮನೆ ಬದಲಾದರೂ ಫೋಟೋ ಜೊತೆಗೇ ಬರುತ್ತದೆ. ಹಾಗಾಗಿ ಎಲ್ಲ ಮನೆಗಳ ಲೆಕ್ಕವೂ ಅದರಲ್ಲಿ ಕೂಡಿರುತ್ತದೆ. ಆದರೆ ಮದುವೆ ಫೋಟೋಗೆ ಹೋದ ವರ್ಷ ಹೊಸ ಗಾಜು ಹಾಕಿಸಿದ್ದರೆ ಪ್ರಯೋಜನವಿಲ್ಲ. ಮಲಗುವ ಕೋಣೆಯದು ಒಳ್ಳೆಯದು. ಒಲೆ, ಊದುಬತ್ತಿ, ಬೀಡಿ ಹೊಗೆ ಇದ್ದ ಕೋಣೆಯ ಗಾಜು ಲೆಕ್ಕ ಕೆಡಿಸುತ್ತದೆ. ಹೊಗೆ ಜಾಸ್ತಿ ಇದ್ದರೆ ಕಣಗಳು ಅದಕ್ಕೇ ಅಂಟಿಕೊಂಡು ಗಾಜಿಗೆ ಕಡಿಮೆ ಬರುತ್ತವೆ. ಇದನ್ನು ಮರೆತರೆ ಉತ್ತರ ಸುಳ್ಳಾಗುತ್ತದೆ.

ಆಮೇಲೆ ಸರಾಸರಿ. ಘನ ಮೀಟರ್ ಗಾಳಿಗೆ 200 ಬೆಕ್ವೆರೆಲ್ (ಸೆಕೆಂಡಿಗೆ ಎಷ್ಟು ಪರಮಾಣು ಒಡೆಯುತ್ತವೆ ಎಂಬ ಅಳತೆ) ರೇಡಾನ್ ಇದ್ದ ಮನೆಯಲ್ಲಿ 10 ವರ್ಷ, 50 ಇದ್ದ ಮನೆಯಲ್ಲಿ 20 ವರ್ಷ ಇದ್ದರೆ ಸರಾಸರಿ 100. ರೋಗ ಕಂಡ ದಿನಕ್ಕೆ ಹತ್ತಿರದ 5 ವರ್ಷ ಬಿಟ್ಟು, ಅದಕ್ಕೂ ಹಿಂದಿನ 30 ವರ್ಷ ನೋಡುವುದು ರೂಢಿ. 2005ರಲ್ಲಿ ಬಂದ ಯುರೋಪಿನ ದೊಡ್ಡ ಅಧ್ಯಯನದ ಪ್ರಕಾರ, ಈ ಸರಾಸರಿ 100 ಏರಿದಂತೆಲ್ಲ ಅಪಾಯ ಸುಮಾರು ಶೇ 16 ಏರುತ್ತದೆ.

ಇಷ್ಟಾದರೂ "ಅಪ್ಪಾರಿಗೆ ಇದರಿಂದಲೇ ಬಂತು" ಎಂದು ನಾನು ಬರೆದುಕೊಡುವುದಿಲ್ಲ. ಸಾಧ್ಯತೆ ಎಷ್ಟಿತ್ತು ಎಂದಷ್ಟೇ ಹೇಳಬಲ್ಲೆ. ಅದೇ ಮನೆಯಲ್ಲಿ ಈಗಲೂ ಮಕ್ಕಳು ಮಲಗುತ್ತಿದ್ದರೆ ಮಾತ್ರ ಸುಮ್ನೆ ಬಿಡಬೇಡಿ. ಆ ಕೋಣೆಯಲ್ಲಿ ಒಂದು ವರ್ಷ ಅಳತೆ ಹಾಳೆ ಇಡಿಸಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ 100 ಬೆಕ್ವೆರೆಲ್ ದಾಟಿದರೆ ನೆಲದ ಬಿರುಕು ಮುಚ್ಚಿಸಿ, ಕಿಟಕಿ ತೆರೆದಿಡಿ, ಮತ್ತೆ ಅಳೆಸಿ.