ಯಾವ ಮದ್ದು ಸಿಕ್ಕಿತು, ಡಾಕ್ಟ್ರೇ?

ರಕ್ತದ ಪಾಸ್‌ಪೋರ್ಟ್ (ಒಬ್ಬ ಪಟುವಿನ ರಕ್ತಪರೀಕ್ಷೆಗಳ ಸರಣಿ ದಾಖಲೆ) ಆಧರಿಸಿ ಯಾವುದಾದರೂ ಸೈಕಲ್ ಪಟುವಿಗೆ ನಿಷೇಧ ಬಿತ್ತೆಂದರೆ ಮೊದಲು ಬರುವ ಪ್ರಶ್ನೆ ಇದೇ. ಯಾವ ಮದ್ದೂ ಸಿಕ್ಕಿರುವುದಿಲ್ಲ, ಸಿಗಲೇಬೇಕೆಂದೂ ಇಲ್ಲ. ಇಷ್ಟು ಹೇಳಿದರೂ ‘ಹಾಗಾದ್ರೆ ಹಿಮೊಗ್ಲೋಬಿನ್ ಎಷ್ಟಿತ್ತು?’ ಎಂದು ಇನ್ನೊಂದು ಪ್ರಶ್ನೆ ತಯಾರು. ಒಂದೇ ಅಂಕಿ ಹಿಡಿದು ಕಳ್ಳನನ್ನು ಗುರುತಿಸುವ ಹುಚ್ಚು ಹಳೆಯದು.

ಅದಕ್ಕೆ ಸೈಕ್ಲಿಂಗಿನ ಅಂತಾರಾಷ್ಟ್ರೀಯ ಒಕ್ಕೂಟ ಯುಸಿಐ ಕೂಡ ಕಾರಣ. 1997ರಲ್ಲಿ ಅದು ಗಂಡಸರ ಹೆಮಟೋಕ್ರಿಟ್‌ಗೆ, ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲಿಗೆ, ಶೇ. 50ರ ಗೆರೆ ಎಳೆಯಿತು. ಕೆಂಪುಕಣ ಹೆಚ್ಚಿಸುವ ಮದ್ದಾದ ಇಪಿಒ ಹಿಡಿಯುವ ಮೂತ್ರಪರೀಕ್ಷೆ ಆಗ ಇರಲಿಲ್ಲ, 2000ದಲ್ಲಿ ಬಂತು. ಗೆರೆ ದಾಟಿದವರನ್ನು ಆರೋಗ್ಯದ ಹೆಸರಲ್ಲಿ ಎರಡು ವಾರ ಮನೆಗೆ ಕಳಿಸುತ್ತಿದ್ದರು. 1999ರ ಜೂನ್ 5ರಂದು ಇಟಲಿಯ ದೊಡ್ಡ ರೇಸ್ ಜಿರೋ ಬಹುತೇಕ ಗೆದ್ದೇಬಿಟ್ಟಿದ್ದ ಮಾರ್ಕೊ ಪಂಟಾನಿ 52 ಬಂದು ಹೊರಬಿದ್ದದ್ದು ಹಾಗೆ. ಸಹಜವಾಗಿ 42 ಇದ್ದವನಿಗೆ ಮಾತ್ರ 49ರವರೆಗೆ ಏರಿಸಿಕೊಳ್ಳಲು ಪರವಾನಗಿ ಕೊಟ್ಟಂತಾಯಿತು. ಹೆಚ್ಚಾದರೆ ಪರೀಕ್ಷೆಗೆ ಮುಂಚೆ ಸಲೈನ್ ಏರಿಸಿ ತಿಳಿಮಾಡಿದರಾಯಿತು.

2008ರಲ್ಲಿ ಬಂದ ಪಾಸ್‌ಪೋರ್ಟ್ ಒಬ್ಬನನ್ನು ಇನ್ನೊಬ್ಬನ ಜೊತೆ ಹೋಲಿಸುವುದಿಲ್ಲ. ಅವನ ರಕ್ತವನ್ನು ಅವನದೇ ಹಿಂದಿನ ರಕ್ತದ ಪಕ್ಕದಲ್ಲಿಟ್ಟು ನೋಡುತ್ತದೆ. ಮುಖ್ಯವಾಗಿ ಎರಡು ಅಳತೆ: ಲೀಟರಿಗೆ ಎಷ್ಟು ಗ್ರಾಂ ಹಿಮೊಗ್ಲೋಬಿನ್, ಮತ್ತು ಕೆಂಪುಕಣಗಳಲ್ಲಿ ಎಳೆಯವು, ಅಂದರೆ ರೆಟಿಕ್ಯುಲೊಸೈಟ್, ಶೇಕಡಾ ಎಷ್ಟು. ಎರಡನೆಯದರ ವರ್ಗಮೂಲವನ್ನು 60ರಿಂದ ಗುಣಿಸಿ ಮೊದಲನೆಯದರಿಂದ ಕಳೆದರೆ ‘ಆಫ್ ಸ್ಕೋರ್’. 150 ಗ್ರಾಂ, ಶೇ. 1 ಇದ್ದರೆ 90, ಗಾಬರಿಯಿಲ್ಲ.

ಇಲ್ಲೇ ಎಲ್ಲರೂ ಎಡವುವುದು. ಬ್ರಿಟನ್ನಿನ ಜೊನಾಥನ್ ಟಿಯರ್ನನ್-ಲಾಕ್ ಪ್ರಕರಣ ನೋಡಿ. 2012ರ ಸೆಪ್ಟೆಂಬರಿನ ಮಾದರಿಯಲ್ಲಿ ಹಿಮೊಗ್ಲೋಬಿನ್ 179, ಎಳೆಯ ಕಣ ಶೇ. 0.15, ಸ್ಕೋರ್ ಸುಮಾರು 156. ವಿಪರೀತ ಕುಡಿದು ದೇಹದ ನೀರು ಬತ್ತಿತ್ತು ಎಂಬುದು ಅವರ ಸಮಜಾಯಿಷಿ. ನೀರು ಬತ್ತಿದರೆ ರಕ್ತ ಗಟ್ಟಿಯಾಗಿ ಹಿಮೊಗ್ಲೋಬಿನ್ ಏರುತ್ತದೆ, ನಿಜ. ಎಳೆಯ ಕಣಗಳ ಲೆಕ್ಕ ಹಾಗಲ್ಲ, ಅದು ಪಾಲು. ಸಾವಿರ ಕಣಗಳಲ್ಲಿ ಹತ್ತು ಎಳೆಯವಿದ್ದರೆ, ಸುತ್ತಲಿನ ನೀರು ಇಂಗಿದರೂ ಸಾವಿರಕ್ಕೆ ಹತ್ತೇ. ಹುಳಿಯನ್ನು ಎಷ್ಟು ಕುದಿಸಿ ಬತ್ತಿಸಿದರೂ ಹೋಳುಗಳಲ್ಲಿ ಬದನೆ ಎಷ್ಟು, ಆಲೂಗಡ್ಡೆ ಎಷ್ಟು ಎಂಬುದು ಬದಲಾಗುವುದಿಲ್ಲವಲ್ಲ. ಸಾವಿರಕ್ಕೆ ಒಂದೂವರೆಗೆ ಇಳಿದಿದೆ ಎಂದರೆ ಮೂಳೆಯ ಮಜ್ಜೆ ಕಣ ಮಾಡುವುದನ್ನೇ ಬಹುಮಟ್ಟಿಗೆ ಬಿಟ್ಟಿದೆ. ಇಪಿಒ ನಿಲ್ಲಿಸಿದ ಮೇಲೆ, ಇಲ್ಲವೇ ತೆಗೆದಿಟ್ಟ ರಕ್ತ ಮತ್ತೆ ಏರಿಸಿಕೊಂಡಾಗ, ಹೀಗಾಗುತ್ತದೆ. ಸಮಿತಿ ಅವರ ವಾದ ಒಪ್ಪಲಿಲ್ಲ, 2014ರಲ್ಲಿ ಎರಡು ವರ್ಷ ನಿಷೇಧ ಹಾಕಿತು. ತಪ್ಪು ಮಾಡಿಲ್ಲವೆಂದೇ ಅವರು ಹೇಳುತ್ತ ಬಂದರು.

ಇಳಿಯದಿರುವುದೂ ಕೆಲವೊಮ್ಮೆ ಅನುಮಾನ ತರುತ್ತದೆ. ಮೂರು ವಾರದ ರೇಸಿನಲ್ಲಿ ರಕ್ತದ ದ್ರವಭಾಗವಾದ ಪ್ಲಾಸ್ಮಾ ಹಿಗ್ಗಿ ಹಿಮೊಗ್ಲೋಬಿನ್ ಇಳಿಯುವುದು ವಾಡಿಕೆ. ಕೊನೆಯ ವಾರದಲ್ಲೂ ಮೊದಲ ದಿನದಷ್ಟೇ ಇದ್ದರೆ, ಅಂಕಿ ಎಷ್ಟೇ ಸಾಧಾರಣವಾಗಿರಲಿ, ಓದುವವರು ಕನ್ನಡಕ ಸರಿಮಾಡಿಕೊಳ್ಳುತ್ತಾರೆ.

ಮಾದರಿ ಕೆಡುವುದೂ ಉಂಟು. ಕಾಲು ನೆಲಕ್ಕೂರಿ ಹತ್ತು ನಿಮಿಷ ಕೂರಿಸಿಯೇ ರಕ್ತ ತೆಗೆಯಬೇಕು; ನಿಂತವನ ಪ್ಲಾಸ್ಮಾ ರಕ್ತನಾಳದಿಂದ ಹೊರಗೆ ಜಿನುಗಿ ರಕ್ತ ಗಟ್ಟಿಯಾಗಿ ಕಾಣುತ್ತದೆ. ಟ್ಯೂಬು ತಣ್ಣಗಿರದೆ ತಡವಾದರೆ ಕಣಗಳು ಊದಿ ಹೆಮಟೋಕ್ರಿಟ್ ಸುಳ್ಳು ಹೇಳುತ್ತದೆ, ಹಿಮೊಗ್ಲೋಬಿನ್ ಅಷ್ಟಾಗಿ ಹೇಳದು. ಎತ್ತರದ ಜಾಗದಲ್ಲಿ ತರಬೇತಿ ಪಡೆದು ಬಂದವನ ರಕ್ತವೂ ಏರಿಳಿಯುವುದರಿಂದ ಫಾರಂನಲ್ಲಿ ಅದನ್ನು ಕೇಳುತ್ತಾರೆ. ಕಂಪ್ಯೂಟರ್ ಎಚ್ಚರಿಸಿದರೂ ಅದು ಯಾರ ರಕ್ತವೆಂದು ತಿಳಿಯದ ಮೂವರು ತಜ್ಞರು ಒಮ್ಮತಕ್ಕೆ ಬರಬೇಕು, ಪಟುವಿನ ವಿವರಣೆ ಕೇಳಬೇಕು. ಅದೆಲ್ಲ ಆದಮೇಲೂ ಜೆಕ್ ಪಟು ರೋಮನ್ ಕ್ರೂಜಿಗರ್ ವಿರುದ್ಧದ ಕೇಸನ್ನು 2015ರಲ್ಲಿ ಯುಸಿಐ ಹಿಂತೆಗೆದುಕೊಂಡಿತು.

ರಕ್ತ ಬಿಟ್ಟು, ಟಿವಿಯಲ್ಲಿ ಪಟು ಬೆಟ್ಟ ಹತ್ತಿದ ಸಮಯ ನೋಡಿ, ಮೈತೂಕದ ಕಿಲೋಗೆ ಇಷ್ಟು ವಾಟ್ ಶಕ್ತಿ, ಹಾಗಾಗಿ ಕಳ್ಳ ಎಂದು ತೀರ್ಪು ಕೊಡುವವರಿಗೆ ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂದು ಕೇಳಿ, ಸಾಕು.

ಹಾಗೆಂದು ಉಲ್ಟಾ ತಪ್ಪೂ ಬೇಡ. ‘ಒಂದು ಟೆಸ್ಟಿನಲ್ಲೂ ಸಿಕ್ಕಿಬಿದ್ದಿಲ್ಲ’ ಎನ್ನುತ್ತಿದ್ದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ನ ಏಳು ಟೂರ್ ಡಿ ಫ್ರಾನ್ಸ್ ಪಟ್ಟಗಳು 2012ರಲ್ಲಿ ಹೋದದ್ದು ಮುಖ್ಯವಾಗಿ ಜೊತೆಗಾರರ ಸಾಕ್ಷ್ಯದಿಂದ. ಇಪಿಒವನ್ನು ಚೂರುಚೂರೇ ನರಕ್ಕೆ ಕೊಟ್ಟರೆ ಪಾಸ್‌ಪೋರ್ಟಿನ ಗೆರೆ ಅಲುಗದೆಯೂ ಇರಬಹುದು. ‘ಇವನ ಪಾಸ್‌ಪೋರ್ಟ್ ಸರಿಯಿದೆ, ಇವನು ಸ್ವಚ್ಛ ಅಂತ ಬರೆದುಕೊಡಿ’ ಎಂದು ಕೇಳಿದರೆ ನಾನು ಸಹಿ ಹಾಕುವುದಿಲ್ಲ.