ಮೋಟಾರು ಓಡ್ತದೆ, ನೀರು ಬರಲ್ಲ

ಮೂರು ತಿಂಗಳಿಂದ ನಿದ್ದೆಯಿಲ್ಲವೆಂದು ಹೇಳಿಕೊಂಡು ನನ್ನ ಬಳಿ ಆಪ್ತಸಮಾಲೋಚನೆಗೆ ಬಂದ ಟೊಮೆಟೊ ಬೆಳೆಗಾರರೊಬ್ಬರನ್ನು, ಮಲಗಿದಾಗ ಏನಾಗುತ್ತದೆ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿ, ‘ತಲೆ ಒಳಗೆ ಮೋಟಾರು ಓಡ್ತದೆ ಸಾರ್, ನೀರು ಬರಲ್ಲ’ ಎಂದರು. ನಾನು ಕೇಸ್ ಶೀಟಿನಲ್ಲಿ ‘ನಿದ್ರಾಹೀನತೆ, ಅತಿಯಾದ ಯೋಚನೆ’ ಎಂದು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದೆ. ಅವರೂ ಹೂಂ, ಉಹೂಂ ಎನ್ನುತ್ತ ಉಳಿದ ಪ್ರಶ್ನೆಗಳನ್ನು ಮುಗಿಸಿ, ಮನೋವೈದ್ಯರು ಬರೆದ ಮಾತ್ರೆ ತೆಗೆದುಕೊಂಡು ಹೊರಟರು. (ಇಲ್ಲಿ ಬರುವ ಯಾರ ಗುರುತೂ ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅವರು ಎರಡನೆಯ ಬಾರಿ ಬರುವ ಹೊತ್ತಿಗೆ ಆ ಮಾತು ನನ್ನನ್ನು ಕೊರೆಯುತ್ತಿತ್ತು. ಕೋಲಾರದಲ್ಲಿ ಕೆಲಸ ಮಾಡುವವನಿಗೆ ಅದು ಮೊದಲ ಸಲವೇ ತಟ್ಟಬೇಕಿತ್ತು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಈ ಜಿಲ್ಲೆಯಲ್ಲಿ ಕೊಳವೆಬಾವಿ ಸಾವಿರ ಅಡಿ ದಾಟಿದರೂ ನೀರಿನ ಭರವಸೆ ಇರುವುದಿಲ್ಲ. ನೀರಿಲ್ಲದೆ ಬರಿದೇ ಓಡಿದ ಮೋಟಾರಿನ ಕಾಯಿಲ್ ಸುಟ್ಟುಹೋಗುತ್ತದೆ. ‘ಆ ಮೋಟಾರನ್ನು ಯಾರು ಆನ್ ಮಾಡುತ್ತಾರೆ?’ ಎಂದು ಕೇಳಿದೆ. ‘ಯಾರೂ ಮಾಡಲ್ಲ ಸಾರ್, ಆಟೊ ಸ್ಟಾರ್ಟರ್ ಇದ್ದಂಗೆ. ಕರೆಂಟು ಬಂದ ಕೂಡ್ಲೆ ತಾನೇ ಓಡ್ತದೆ.’ ರಾತ್ರಿ ಎಷ್ಟು ಹೊತ್ತಿಗೆ ಕರೆಂಟು ಬರುತ್ತದೆ ಎಂದು ಕೇಳಿದಾಗ ಎರಡು ಗಂಟೆ ಎಂದರು. ಆಮೇಲೆ ಮೂರನೆಯ ಕೊಳವೆಬಾವಿಗೆಂದು ಬಾಮೈದನಿಂದ ಪಡೆದ ಹಣದ ವಿಷಯವನ್ನು, ಅದನ್ನು ಹೆಂಡತಿಗೆ ಇನ್ನೂ ತಿಳಿಸದಿರುವುದನ್ನು, ಮಂಡಿಯಲ್ಲಿ ಬಾಕ್ಸಿಗೆ ಸಿಕ್ಕ ಬೆಲೆ ಕೊಯ್ಲಿನ ಕೂಲಿಗೂ ಸಾಲದೆ ಹೋದ ದಿನವನ್ನು ಒಂದೊಂದಾಗಿ ಹೇಳಿದರು. ಮೊದಲ ದಿನ ನಾನು ಬಿಟ್ಟುಬಿಟ್ಟ ಆ ಒಂದು ವಾಕ್ಯದ ಬೆನ್ನಿಗೇ ಇಷ್ಟೆಲ್ಲ ಇತ್ತು.

ಆಪ್ತಸಮಾಲೋಚನೆಯ ತರಬೇತಿಗೆ ಬರುವವರೊಂದಿಗೆ ನಾನು ಕಾವ್ಯದ ಮಾತೆತ್ತಿದರೆ, ಇದು ರಾಜ್ಯೋತ್ಸವದ ಕವಿಗೋಷ್ಠಿಯೇ ಎಂಬಂತೆ ಕೆಲವರು ನಗುತ್ತಾರೆ. ಆದರೆ ಪರಾನುಭೂತಿ (ಇನ್ನೊಬ್ಬರ ಅನುಭವವನ್ನು ಅವರ ಒಳಗಿನಿಂದಲೇ ಅರಿಯುವುದು) ಎಂದು ಈಗ ನಾವು ಪಠ್ಯಗಳಲ್ಲಿ ಓದುವ ಪರಿಕಲ್ಪನೆಯೇ ಆಸ್ಪತ್ರೆಯಲ್ಲಿ ಹುಟ್ಟಿದ್ದಲ್ಲ. ಜರ್ಮನಿಯಲ್ಲಿ ಚಿತ್ರವನ್ನೋ ಶಿಲ್ಪವನ್ನೋ ನೋಡುವವನು ಅದರೊಳಗೆ ತಾನೇ ಇಳಿದು ಅನುಭವಿಸುವುದನ್ನು ಹೆಸರಿಸಲು ಸೌಂದರ್ಯಮೀಮಾಂಸಕರು ಬಳಸಿದ ‘ಐನ್‌ಫ್ಯೂಲುಂಗ್’ ಎಂಬ ಮಾತನ್ನು 1909ರಲ್ಲಿ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟಿಚನರ್ ‘ಎಂಪಥಿ’ ಎಂದು ಇಂಗ್ಲಿಷಿಗೆ ತಂದರು. ಅದಕ್ಕೂ ಸುಮಾರು ಒಂಬೈನೂರು ವರ್ಷ ಮೊದಲೇ ಕಾಶ್ಮೀರದ ಕಾವ್ಯಮೀಮಾಂಸಕ ಅಭಿನವಗುಪ್ತ, ಕಾವ್ಯವನ್ನು ಮತ್ತೆಮತ್ತೆ ಓದಿದ ಅಭ್ಯಾಸದಿಂದ ಯಾರ ಮನಸ್ಸೆಂಬ ಕನ್ನಡಿ ತಿಳಿಯಾಗಿ, ವರ್ಣಿತವಾದುದರಲ್ಲಿ ತನ್ಮಯವಾಗುವ ಯೋಗ್ಯತೆ ಪಡೆದಿದೆಯೋ ಅವನೇ ಸಹೃದಯ ಎಂದು ವಿವರಿಸಿದ್ದ. ಇದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ‘ಅಭ್ಯಾಸ’ ಎಂಬ ಪದ. ಸಹೃದಯತೆ ಕೆಲವರಿಗೆ ಹುಟ್ಟಿನಿಂದ ಬಂದ ಒಳ್ಳೆಯತನವೆಂದು ನಾವು ಭಾವಿಸುತ್ತೇವೆ; ಅವನು ಅದನ್ನು ಉಜ್ಜಿ ಉಜ್ಜಿ ತಿಳಿಯಾಗಿಸಿಕೊಳ್ಳಬೇಕಾದ ಕನ್ನಡಿಯೆನ್ನುತ್ತಾನೆ.

ಸಾಹಿತ್ಯ ಓದಿದವರು ಇತರರ ಮನಸ್ಸನ್ನು ಚೆನ್ನಾಗಿ ಊಹಿಸುತ್ತಾರೆ ಎಂದು 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಪ್ರಯೋಗವೊಂದು ಸಾಕಷ್ಟು ಸುದ್ದಿ ಮಾಡಿತು. ಅದನ್ನೇ ಬೇರೆಯವರು ಪುನರಾವರ್ತಿಸಿದಾಗ ಹಲವು ಸಲ ಆ ಫಲಿತಾಂಶ ಕೈಗೆ ಸಿಗಲಿಲ್ಲ. ಹಾಗಾಗಿ ಒಂದು ಕವಿತೆ ಓದಿದ ಮಾತ್ರಕ್ಕೆ ಮನುಷ್ಯ ಮೃದುವಾಗುತ್ತಾನೆ ಎಂದು ನಾನು ಹೇಳಲಾರೆ. ಕವಿತೆ ಕಲಿಸುವುದು ಅದಕ್ಕಿಂತ ಚಿಕ್ಕ, ಅದಕ್ಕಿಂತ ಉಪಯುಕ್ತವಾದ ಒಂದು ಶಿಸ್ತನ್ನು. ಕವಿತೆಯಲ್ಲಿರುವ ಪದವನ್ನು ತೆಗೆದು ಅದೇ ಅರ್ಥದ ಇನ್ನೊಂದನ್ನು ಇಟ್ಟರೆ ಕವಿತೆ ಹೋಗಿಬಿಡುತ್ತದೆ. ಎದುರಿಗೆ ಕುಳಿತವರ ಮಾತಿಗೂ ಇದೇ ನಿಯಮ ಅನ್ವಯಿಸುತ್ತದೆ, ಆದರೆ ನಮ್ಮ ವೃತ್ತಿಯ ತರಬೇತಿ ಬಹುಮಟ್ಟಿಗೆ ಆ ಪದವನ್ನು ತೆಗೆದು ನಮ್ಮ ಪದವನ್ನು ಇಡುವುದರಲ್ಲೇ ಇದೆ.

ಈ ತಪ್ಪಿಗೆ ನಾನು ತೆತ್ತ ಬೆಲೆ ಬೆಳೆಗಾರರ ವಿಷಯದಲ್ಲಿ ಕಡಿಮೆಯೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಶ್ರೀನಿವಾಸಪುರದ ಕಡೆಯಿಂದ ಬಂದಿದ್ದ ತಾಯಿಯೊಬ್ಬರು ಕನ್ನಡದಲ್ಲಿ ಮಾತಾಡುತ್ತಲೇ ನಡುವೆ ‘ಕಡುಪುಕೋತ’ ಎಂದರು. ತೆಲುಗಿನಲ್ಲಿ ಕಡುಪು ಎಂದರೆ ಹೊಟ್ಟೆ, ಕೋತ ಎಂದರೆ ಕೊಯ್ತ ಎಂಬಷ್ಟು ತಿಳಿದಿದ್ದ ನಾನು, ಹೊಟ್ಟೆ ಕೊಯ್ದಂತೆ ನೋವೆಂದುಕೊಂಡು, ಊಟ ಯಾವಾಗ ಮಾಡುತ್ತೀರಿ, ಖಾರ ಹೆಚ್ಚೇ ಎಂದು ವಿಚಾರಿಸಿದೆ. ಆಕೆ ಸುಮ್ಮನೆ ನನ್ನ ಮುಖ ನೋಡಿದರು. ಹೆತ್ತ ಮಗುವನ್ನು ಕಳೆದುಕೊಂಡ ಒಡಲಿನ ಸಂಕಟಕ್ಕೆ ತೆಲುಗಿನಲ್ಲಿ ಇರುವ ಮಾತು ಅದು ಎಂದು ಆಮೇಲೆ ದಾದಿಯೊಬ್ಬರು ಹೇಳಿದರು. ಆ ತಾಯಿ ಮತ್ತೆ ಬರಲಿಲ್ಲ. ಮನೆಯಲ್ಲಿ ತೆಲುಗು, ಸಂತೆ-ಕಚೇರಿಯಲ್ಲಿ ಕನ್ನಡ ಎಂಬುದು ಈ ಸೀಮೆಯ ಸಹಜ ಬದುಕು, ಕೈವಾರದ ನಾರೇಯಣ ತಾತಯ್ಯನವರೂ ಎರಡರಲ್ಲೂ ಹಾಡಿದವರೇ. ಅಂದಿನಿಂದ, ಯಾವ ಭಾಷೆಯಲ್ಲಿ ಬರುತ್ತದೋ ಅದರಲ್ಲೇ ಹೇಳಿ, ತಿಳಿಯದಿದ್ದರೆ ಕೇಳುತ್ತೇನೆ ಎಂದು ಮೊದಲೇ ಹೇಳಿಬಿಡುತ್ತೇನೆ.

ತರಬೇತಿಯಲ್ಲಿ ನಾನು ಮಾಡಿಸುವ ಅಭ್ಯಾಸ ರಾಗಿಕಲ್ಲಿನ ಹಾಡುಗಳಿಂದ ಎರವಲು ಪಡೆದದ್ದು. ನಸುಕಿನಲ್ಲಿ ಬೀಸುವ ಕಲ್ಲಿನ ಎದುರುಬದುರು ಕೂತು ಗೂಟ ಹಿಡಿದ ಇಬ್ಬರು ಹೆಂಗಸರಲ್ಲಿ ಒಬ್ಬಾಕೆ ಸೊಲ್ಲೆತ್ತಿದರೆ ಇನ್ನೊಬ್ಬಾಕೆ ಸೊಲ್ಲು ಹಿಡಿಯುತ್ತಿದ್ದಳು. ಅತ್ತೆಮನೆಯ ಕಷ್ಟವಾಗಲಿ, ತವರಿನ ನೆನಪಾಗಲಿ, ಸೊಲ್ಲು ಹಿಡಿದಾಕೆ ಬುದ್ಧಿ ಹೇಳುತ್ತಿರಲಿಲ್ಲ, ಸಮಾಧಾನ ಮಾಡುತ್ತಿರಲಿಲ್ಲ. ಅದೇ ಸಾಲನ್ನು ತನ್ನ ದನಿಯಲ್ಲಿ ಹೇಳುತ್ತಿದ್ದಳು, ಅಷ್ಟೇ. (ಹಿಟ್ಟಿನ ಗಿರಣಿ ಬಂದು ರಟ್ಟೆಗೆ ವಿರಾಮ ಸಿಕ್ಕಿದ್ದು ಒಳ್ಳೆಯದೇ, ಆದರೆ ಆ ನಸುಕಿನ ಹೊತ್ತಿಗೆ ಬದಲಿಯಾಗಿ ಏನೂ ಬರಲಿಲ್ಲ.) ನನ್ನ ತರಗತಿಯಲ್ಲಿ ಇಬ್ಬಿಬ್ಬರು ಎದುರುಬದುರು ಕೂರುತ್ತಾರೆ. ಒಬ್ಬರು ಐದು ನಿಮಿಷ ಯಾವುದಾದರೂ ಸಣ್ಣ ಸಂಗತಿ ಹೇಳುತ್ತಾರೆ. ಕೇಳಿದವರು ತ್ರಿಪದಿಯಂತೆ ಮೂರೇ ಸಾಲು ಬರೆದು ಓದಬೇಕು, ಪ್ರಾಸ ಬೇಡ, ಆದರೆ ಕೇಳಿದ ಪದಗಳ ಹೊರತು ಒಂದೂ ಸ್ವಂತ ಪದ ಸೇರಿಸುವಂತಿಲ್ಲ. ಸಾಲು ಸರಿಯೋ ತಪ್ಪೋ ಎಂದು ತೀರ್ಪು ಕೊಡುವ ಅಧಿಕಾರ ನನಗಿಲ್ಲ, ಹೇಳಿದವರಿಗೆ ಮಾತ್ರ ಇದೆ.

ಕೇಳಲು ಸುಲಭ, ಆದರೆ ಬಹುತೇಕರು ಮೊದಲ ಸುತ್ತಿನಲ್ಲಿ ಸೋಲುತ್ತಾರೆ. ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ಬರೆದ ಮೊದಲ ಸಾಲು ‘ಅಜ್ಜಿಯ ಸಾವಿನ ದುಃಖ’ ಎಂದಿತ್ತು. ಎದುರಿಗಿದ್ದ ಹುಡುಗಿ, ‘ದುಃಖ ಅಂತ ನಾನು ಅನ್ನಲೇ ಇಲ್ಲ ಕಣೆ, ಎಲೆ ಅಡಿಕೆ ಕುಟ್ಟೋ ಸದ್ದು ಇಲ್ಲ ಅಂದೆ’ ಎಂದಳು. ಎರಡನೆಯ ಸುತ್ತಿನ ಮೂರು ಸಾಲು ಹೀಗಿದ್ದವು: ‘ಸಾಯಂಕಾಲ ಆಯ್ತು, / ಕುಟ್ಟೋ ಸದ್ದು ಇಲ್ಲ, / ದೀಪ ಹಚ್ಚೋದು ಮರೆತೆ.’ ಹೇಳಿದ ಹುಡುಗಿ ಏನೂ ಅನ್ನದೆ ಆ ಕಾಗದವನ್ನು ಇಸಿದುಕೊಂಡು ಮಡಚಿ ಪುಸ್ತಕದೊಳಗಿಟ್ಟಳು. ಅವರಿಬ್ಬರೂ ಒಂದೇ ಹಾಸ್ಟೆಲಿನಲ್ಲಿ ಎರಡು ವರ್ಷದಿಂದ ಇದ್ದವರೆಂದು ನನಗೆ ತಿಳಿದದ್ದು ಆಮೇಲೆ.

ಕಾವ್ಯವನ್ನು ಔಷಧಿಯಂತೆ ಕುಡಿಸುವವರ ಬಗ್ಗೆಯೂ ಒಂದು ಮಾತು ಹೇಳಬೇಕು. ಮುಳಬಾಗಿಲಿನ ಡಿ.ವಿ.ಜಿ. ಈ ಜಿಲ್ಲೆಯ ಹೆಮ್ಮೆ, 1943ರಲ್ಲಿ ಬಂದ ಅವರ ಕಗ್ಗ ಮನೆಮನೆಯಲ್ಲಿದೆ. ಸಾವಾದ ಮನೆಯವರ ವಾಟ್ಸ್‌ಆ್ಯಪ್‌ಗೆ ಮಾರನೆಯ ದಿನವೇ ಅದರ ಪದ್ಯವೊಂದು ಬಂದು ಬೀಳುತ್ತದೆ. ಕಳಿಸುವವರ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಇನ್ನೂ ಸೊಲ್ಲೆತ್ತದವರ ಬಾಯಿಗೆ ಸಿದ್ಧ ಉತ್ತರ ತುರುಕಿದರೆ ಅವರು ಸುಮ್ಮನಾಗುತ್ತಾರೆ. ಆ ಕೃತಿಯ ಆರಂಭದಲ್ಲಿ ಕವಿಯೇ ಉತ್ತರ ಕೊಡುವುದಿಲ್ಲ, ಬದುಕಿಗೆ ಅರ್ಥವೇನು ಎಂದು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತ ಹೋಗುತ್ತಾರೆ. ಹಾಗೆಯೇ ಸೊಲ್ಲು ಹಿಡಿದರೆ ಸಾಕು ಎಂದೂ ಅಲ್ಲ. ಬೆಳೆಗಾರರಿಗೆ ಮಾತ್ರೆ ಬೇಕಿತ್ತು, ಸಾಲದ ಲೆಕ್ಕವನ್ನು ಹೆಂಡತಿಯ ಮುಂದೆ ತೆರೆದಿಡುವ ಕಷ್ಟದ ಒಂದು ಸಂಜೆಯೂ ಬೇಕಿತ್ತು.

ಈಗ ನನ್ನ ಕೇಸ್ ಶೀಟಿನ ಮೇಲ್ಭಾಗದಲ್ಲಿ, ರೋಗಲಕ್ಷಣದ ಪಟ್ಟಿಗಿಂತ ಮೊದಲು, ಬಂದವರು ಹೇಳಿದ ಮೊದಲ ವಾಕ್ಯವನ್ನು ಹೇಳಿದಂತೆಯೇ ಬರೆಯಲು ಎರಡು ಗೆರೆ ಬಿಟ್ಟಿರುತ್ತೇನೆ. ಕಳೆದ ಗುರುವಾರ ಅಲ್ಲಿ ಬರೆದದ್ದು, ಐವತ್ತು ದಾಟಿದ ಒಬ್ಬ ಹೆಂಗಸು ಹೇಳಿದ್ದು: ‘ಮನೆ ತುಂಬಾ ಜನ ಅವ್ರೆ ಸಾರ್, ತಟ್ಟೆ ಒಂದು ಕಮ್ಮಿ ಇಡ್ತಾರೆ.’ ಇದಿನ್ನೂ ನನಗೆ ಪೂರ್ತಿ ಅರ್ಥವಾಗಿಲ್ಲ. ಆಕೆ ಈ ವಾರ ಮತ್ತೆ ಬರುತ್ತಾರೆ. ಯಾರ ತಟ್ಟೆ ಎಂದು ಕೇಳಬೇಕು.