ಪಿಂಚಣಿಯ ಹೊಣೆ ಕೈ ಬದಲಾದ ಬಗೆ

ರಾಯಚೂರು ಜಿಲ್ಲೆಯಲ್ಲಿ ಪಿಂಚಣಿದಾರರೆಂದರೆ ಬಹುಕಾಲ ನಿವೃತ್ತ ಮೇಷ್ಟ್ರು, ಕಂದಾಯ ಇಲಾಖೆಯ ಗುಮಾಸ್ತರು, ಪೊಲೀಸರು ಮೊದಲಾದ ಸರ್ಕಾರಿ ನೌಕರರೇ ಆಗಿದ್ದರು. ಪೂರ್ಣ ಸೇವೆ ಸಲ್ಲಿಸಿದವರಿಗೆ ಕೊನೆಯ ಮೂಲವೇತನದ ಅರ್ಧದಷ್ಟು ಪಿಂಚಣಿ, ಅದರ ಮೇಲೆ ಬೆಲೆಯೇರಿಕೆಗೆ ತಕ್ಕ ತುಟ್ಟಿಭತ್ಯೆ, ಅವರು ತೀರಿಕೊಂಡರೆ ಮನೆಯವರಿಗೆ ಕುಟುಂಬ ಪಿಂಚಣಿ, ಇವೆಲ್ಲವೂ ಸರ್ಕಾರದ ಹೊಣೆಯಾಗಿದ್ದವು. ಎಷ್ಟು ವರ್ಷ ಬದುಕುತ್ತೇನೆ, ಅಷ್ಟರಲ್ಲಿ ಜೋಳದ ದರ ಎಲ್ಲಿಗೆ ಮುಟ್ಟುತ್ತದೆ ಎಂಬ ಲೆಕ್ಕ ನೌಕರನ ತಲೆಯ ಮೇಲಿರಲಿಲ್ಲ.

ಕಾರ್ಖಾನೆಯ ಕಾರ್ಮಿಕರಿಗೆ ಈ ಭದ್ರತೆ ತಡವಾಗಿ ಬಂತು, ಅದೂ ಅರೆಬರೆಯಾಗಿ. 1952ರ ಭವಿಷ್ಯ ನಿಧಿ ಕಾಯ್ದೆ ಕೊಟ್ಟದ್ದು ಇಡುಗಂಟು. 1971ರ ಯೋಜನೆ ನೆರವಾದದ್ದು ಮೃತ ಕಾರ್ಮಿಕನ ಕುಟುಂಬಕ್ಕೆ. ದುಡಿದವನ ಕೈಗೇ ತಿಂಗಳ ಪಿಂಚಣಿ ಬರುವ ಏರ್ಪಾಡು, ಅಂದರೆ ನೌಕರರ ಪಿಂಚಣಿ ಯೋಜನೆ (ಇಪಿಎಸ್), ಜಾರಿಯಾದದ್ದು 1995ರ ನವೆಂಬರ್ 16ರಂದು. ಪಿಂಚಣಿಗೆ ಪರಿಗಣಿಸುವ ಸಂಬಳವನ್ನು ಸೇವಾವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು ಇದರ ಸೂತ್ರ. 2014ರ ಸೆಪ್ಟೆಂಬರ್‌ನಲ್ಲಿ ಸಂಬಳದ ಮಿತಿ 15,000 ರೂಪಾಯಿಗೆ ಏರಿತು. ಆ ಮಿತಿಯ ಸಂಬಳದ ಮೇಲೆ ಹತ್ತು ವರ್ಷ ದುಡಿದವನಿಗೆ ಸಿಗುವುದು ತಿಂಗಳಿಗೆ ಸುಮಾರು 2,140 ರೂಪಾಯಿ, ತುಟ್ಟಿಭತ್ಯೆಯ ಮಾತಂತೂ ಇಲ್ಲ.

ಪಿಂಚಣಿ ಸಿಗಬೇಕಾದರೆ ಕನಿಷ್ಠ ಹತ್ತು ವರ್ಷದ ಸೇವೆ ಇರಬೇಕೆಂಬ ಷರತ್ತೇ ನಮ್ಮ ಭಾಗದವರಿಗೆ ದೊಡ್ಡ ತೊಡಕು. ಹತ್ತಿ ಜಿನ್ನಿಂಗ್ ಹಂಗಾಮಿನ ಕೆಲಸ. ಅಕ್ಕಿ ಗಿರಣಿಗಳಲ್ಲಿ, ಶಕ್ತಿನಗರದ ವಿದ್ಯುತ್ ಸ್ಥಾವರದಂಥ ಕಡೆಯ ಗುತ್ತಿಗೆ ದುಡಿಮೆಯಲ್ಲಿ ಗುತ್ತಿಗೆದಾರ ಬದಲಾದಾಗಲೆಲ್ಲ ಪಿಎಫ್ ಬಿಡಿಸಿಕೊಳ್ಳುವ ರೂಢಿಯಿದೆ. ಮಗಳ ಮದುವೆಗೋ ಬೋರ್‌ವೆಲ್‌ಗೋ ಆ ಹಣ ಒದಗುತ್ತದೆ ಎನ್ನುವವರನ್ನು ತಪ್ಪೆನ್ನಲಾಗದು. ಆದರೆ ಪಿಂಚಣಿಯ ಪಾಲನ್ನೂ ಬಿಡಿಸಿಕೊಂಡರೆ ಅಷ್ಟು ಕಾಲದ ಸೇವೆ ಲೆಕ್ಕದಿಂದ ಅಳಿಸಿಹೋಗುತ್ತದೆ. ಅದರ ಬದಲು ಆ ಸೇವೆಯ ದಾಖಲೆಯಾದ ‘ಸ್ಕೀಮ್ ಸರ್ಟಿಫಿಕೇಟ್’ ಪಡೆದರೆ ಮುಂದಿನ ಕೆಲಸದ ವರ್ಷಗಳ ಜೊತೆ ಅದನ್ನು ಕೂಡಿಸಬಹುದೆಂಬುದನ್ನು ಗಿರಣಿಗಳಲ್ಲಿ ಹೇಳುವವರು ವಿರಳ.

ಇತ್ತ ಸರ್ಕಾರವೂ ಹೊಣೆ ಇಳಿಸಿಕೊಂಡಿತು. 2006ರ ಏಪ್ರಿಲ್ 1ರಿಂದ ಕರ್ನಾಟಕದಲ್ಲಿ ನೇಮಕಗೊಂಡ ನೌಕರರು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ (ಎನ್‌ಪಿಎಸ್) ಸೇರಿದರು. ಅಲ್ಲಿ ನಿಶ್ಚಿತವಾಗಿರುವುದು ವಂತಿಗೆ ಮಾತ್ರ, ಪಿಂಚಣಿಯಲ್ಲ. 2009ರಲ್ಲಿ ಅದು ಸಾರ್ವಜನಿಕರಿಗೂ ತೆರೆಯಿತು. 2015ರಲ್ಲಿ ಬಂದ ಅಟಲ್ ಪಿಂಚಣಿ ಯೋಜನೆಗೆ 18ರಿಂದ 40 ವರ್ಷದವರು ಸೇರಬಹುದು. 60ರ ನಂತರ ತಿಂಗಳಿಗೆ 5,000 ರೂಪಾಯಿ ಬೇಕೆಂದರೆ 18ರಲ್ಲಿ ಸೇರಿದವರು ತಿಂಗಳಿಗೆ 210, 40ರಲ್ಲಿ ಸೇರಿದವರು 1,454 ರೂಪಾಯಿ ಕಟ್ಟಬೇಕು. ಆದರೆ ಇಂದು 18 ವರ್ಷದವರಿಗೆ 42 ವರ್ಷಗಳ ನಂತರ ಬರುವ ಆ 5,000ಕ್ಕೆ ಇಂದಿನ ಬೆಲೆ ಇರದು.

ನಿವೃತ್ತಿಯಲ್ಲಿ ಇಡುಗಂಟು ಕೈಸೇರಿದವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 2023ರಿಂದ 30 ಲಕ್ಷ ರೂಪಾಯಿವರೆಗೆ ತೊಡಗಿಸಬಹುದು. ಮೂರು ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ, ಅಸಲು ಉಳಿಯುತ್ತದೆ. ಐದು ವರ್ಷ ಮುಗಿದ ಮೇಲೆ ಬಡ್ಡಿದರ ಎಷ್ಟಿರುತ್ತದೋ ಹೇಳಲಾಗದು. ಇಡುಗಂಟು ಕೊಟ್ಟು ಕೊಳ್ಳುವ ವಿಮಾ ಕಂಪನಿಯ ವರ್ಷಾಶನ (ಆನ್ಯುಟಿ) ಜೀವಮಾನವಿಡೀ ಬರುತ್ತದೆಯಾದರೂ ಸಾಮಾನ್ಯವಾಗಿ ಮೊತ್ತ ಏರುವುದಿಲ್ಲ. ಅದರಲ್ಲಿ ತನ್ನೊಬ್ಬನ ಜೀವಿತಕ್ಕೆ ಮಾತ್ರ ಎಂಬ ಆಯ್ಕೆ ತಿಂಗಳಿಗೆ ತುಸು ಹೆಚ್ಚು ಹಣ ತರುತ್ತದೆ. ಆದರೆ ಗಂಡ ತೀರಿಕೊಂಡ ತಿಂಗಳಿನಿಂದಲೇ ಹೆಂಡತಿಗೆ ಏನೂ ಬಾರದು. ಪಾಲಿಸಿ ಆರಂಭವಾದ ಮೇಲೆ ಈ ಆಯ್ಕೆಯನ್ನು ಬದಲಿಸಲು ಬರುವುದಿಲ್ಲವಾದ್ದರಿಂದ, ಸಹಿ ಮಾಡುವ ಮುನ್ನ ಇಬ್ಬರೂ ಕೂಡಿ ಆ ಕಲಮನ್ನು ಓದಿಸಿ ಕೇಳಿಕೊಳ್ಳಬೇಕು.